ಓಬರ್ಲಿನ್ ಬೋಧಕರೂ ಅವರ ಮನೆಯವರೂ

ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ, ಅಲ್ಸಾಸ್ ಸೀಮೆಯ ವೋಜ್ ಪರ್ವತಗಳ ನಡುವೆ ಬಾನ್ ದ ಲಾ ರೋಶ್ ಎಂಬ ಕಣಿವೆಯುಂಟು. 1740ರಲ್ಲಿ ಸ್ಟ್ರಾಸ್‌ಬೂರ್ಗ್ ಪಟ್ಟಣದಲ್ಲಿ ಜನಿಸಿದ ಜಾನ್ ಫ್ರೆಡ್ರಿಕ್ ಓಬರ್ಲಿನರು 1767ರಲ್ಲಿ ಆ ಕಣಿವೆಯ ವಾಲ್ಡರ್ಸ್‌ಬಾಖ್ ಗ್ರಾಮಕ್ಕೆ ಸಭಾಪಾಲಕರಾಗಿ ಬಂದು, ಮರಣದ ವರೆಗೂ ಅಲ್ಲಿಯೇ ನೆಲಸಿದರು.

ಬೆಟ್ಟದ ಓರೆಗಳಲ್ಲಿ ಚದರಿದ್ದ ಆ ಹಳ್ಳಿಗಳ ಜನರು ಕಡುಬಡವರು. ಹೊರಗಣ ಊರುಗಳಿಗೆ ಹೋಗಲು ಸರಿಯಾದ ದಾರಿಯಿರಲಿಲ್ಲ. ದಾರಿಯನ್ನು ಕಡಿಯೋಣವೆಂದರೆ ಜನರು ಮೊದಲು ಒಪ್ಪಲಿಲ್ಲ. ಆಗ ಬೋಧಕರು ತಾವೇ ಗುದ್ದಲಿಯನ್ನು ಹೆಗಲಿಗೇರಿಸಿ ಹೊರಟರು. ಜನರು ಒಬ್ಬೊಬ್ಬರಾಗಿ ಹಿಂಬಾಲಿಸಿದರು. ರೊಥೋ ಊರಿನ ಕಡೆಗೆ ರಸ್ತೆಯೂ ಬ್ರೂಷ್ ಹೊಳೆಗೆ ಸೇತುವೆಯೂ ಆದವು. ಆಲೂಗಡ್ಡೆಯ ಒಳ್ಳೆಯ ಬೀಜವನ್ನು ತರಿಸಿದುದು, ಹಣ್ಣಿನ ಗಿಡಗಳನ್ನು ನೆಡಿಸಿದುದು ಮುಂತಾದವನ್ನು ಅನೇಕರು ಬಲ್ಲರು. ಆದರೆ ಕೀರ್ತಿಯೆಲ್ಲವೂ ಬೋಧಕರೊಬ್ಬರಿಗೇ ಸಂದಿತೆಂದು ನನಗೆ ತೋರುವುದರಿಂದ, ಅವರೊಡನೆ ದುಡಿದ ಸ್ತ್ರೀಯರ ವಿಷಯವನ್ನು ತುಸು ಹೆಚ್ಚಾಗಿ ಹೇಳುವೆನು.

ಬೆಲ್‌ಮೊಂಟ್ ಹಳ್ಳಿಯಲ್ಲಿ ಸಾರಾ ಬಾಂಜೆ ಎಂಬ ಹುಡುಗಿಯು ಚಿಕ್ಕ ಮಕ್ಕಳನ್ನು ತನ್ನ ಮನೆಯಲ್ಲಿ ಕೂಡಿಸಿಕೊಂಡು ಹೆಣಿಗೆಯನ್ನು ಕಲಿಸುತ್ತಿದ್ದಳು. ಓಬರ್ಲಿನರೂ, 1768ರಲ್ಲಿ ಅವರನ್ನು ವಿವಾಹವಾದ ಮದಲೇನ್ ಸಲೋಮೆಯವರೂ ಇದರ ಬೆಲೆಯನ್ನು ಅರಿತು ಅವಳಿಗೆ ವೇತನವನ್ನು ಗೊತ್ತುಮಾಡಿದರು. ತಾಯಿತಂದೆಗಳು ಹೊಲದಲ್ಲಿರುವಾಗ ಮಕ್ಕಳು ಬೆಚ್ಚಗಿನ ಕೋಣೆಯಲ್ಲಿ ಕುಳಿತು ಹೆಣೆಯುತ್ತ ಸತ್ಯವೇದದ ಕಥೆಗಳನ್ನು ಕೇಳುವರು, ಹಾಡುವರು, ತಮ್ಮ ಆಡುಮಾತನ್ನು ಬಿಟ್ಟು ಶುದ್ಧವಾದ ಫ್ರೆಂಚ್ ಭಾಷೆಯನ್ನು ಅಭ್ಯಾಸಮಾಡುವರು. ಬಿಸಿಲಿರುವ ದಿನ ಗುಡ್ಡವನ್ನು ಹತ್ತಿ ಗಿಡಮೂಲಿಕೆಗಳ ಗುರುತನ್ನು ಕಲಿಯುವರು. ಶಿಶುವಿಹಾರಗಳ ಚರಿತ್ರೆಯನ್ನು ಬರೆಯುವವರು ಈ ಹೆಣಿಗೆಯ ಕೋಣೆಗಳಿಂದಲೇ ಪ್ರಾರಂಭಿಸುವುದುಂಟು. ಸಾರಾ 1774ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಹೋದಳು.

ಬೆಲ್‌ಫೋಸ್ ಹಳ್ಳಿಯ ಲೂಯಿಸ್ ಶೆಪ್ಲರ್ ಓಬರ್ಲಿನರ ಮನೆಗೆಲಸಕ್ಕೆ ಸೇರಿದಾಗ ಅವಳಿಗೆ ಹದಿನೈದು ಹದಿನಾರು ವರುಷ; ನಮ್ಮ ಮೇಲಿನ ತರಗತಿಗಳ ಹುಡುಗಿಯರ ಪ್ರಾಯವೇ. ಮನೆಗೆಲಸದೊಡನೆ ಅವಳು ಶಿಶುಗಳ ಉಪಾಧ್ಯಾಯಿನಿಯೂ ಆದಳು. ಹಿಮವು ಕಾಲನ್ನು ಹೂಳುವ ಚಳಿಗಾಲದಲ್ಲಿಯೂ ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋಗುವಳು. 1783ರಲ್ಲಿ ಮದಲೇನ್ ಅಮ್ಮನವರು ತೀರಿಕೊಂಡು ಏಳು ಮಕ್ಕಳು ತಾಯಿಯಿಲ್ಲದವರಾದಾಗ, ಹತ್ತೊಂಬತ್ತು ವರುಷದ ಲೂಯಿಸಳೇ ಅವರನ್ನು ಸಾಕಿದಳು. ಮುಂದೆ ಸಂಬಳವನ್ನೂ ಒಲ್ಲೆನೆಂದಳು. ಆ ಏಳು ಮಕ್ಕಳ ಬಟ್ಟೆಬರೆ, ಊಟ, ಜ್ವರ, ಜಗಳಗಳನ್ನೆಲ್ಲ ನೋಡಿಕೊಂಡು, ಅದೇ ದಿನ ಬೆಟ್ಟವನ್ನು ಹತ್ತಿ ಮತ್ತೊಬ್ಬರ ಮಕ್ಕಳ ಮುಂದೆ ನಗುಮುಖದಿಂದ ನಿಲ್ಲುವುದು ಎಂಥ ಕೆಲಸವೆಂಬುದನ್ನು ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ.

1826ನೆಯ ಜೂನ್ 1ರಂದು ಓಬರ್ಲಿನರು ದೈವಾಧೀನರಾದರು. ಫೂಡೆ ಗ್ರಾಮದಲ್ಲಿ ಅವರ ಸಮಾಧಿಯಿದೆ. ಅವರ ಮಕ್ಕಳು ಲೂಯಿಸಳಿಗೂ ಒಂದು ಪಾಲನ್ನು ಕೊಡಬಂದರು. ಅವಳು ಅದನ್ನು ಮುಟ್ಟದೆ, ಓಬರ್ಲಿನ್ ಎಂಬ ಹೆಸರನ್ನು ತನ್ನ ಹೆಸರಿನೊಡನೆ ಸೇರಿಸಿಕೊಳ್ಳುವ ಅಪ್ಪಣೆಯನ್ನು ಮಾತ್ರ ಬೇಡಿದಳು. 1829ರಲ್ಲಿ ಫ್ರೆಂಚ್ ಅಕಾಡೆಮಿಯು 5,000 ಫ್ರಾಂಕುಗಳ ಮೋಂತಿಯೋ ಬಹುಮಾನವನ್ನು ಇತ್ತಾಗ, ಆ ಹಣವನ್ನೂ ತನ್ನ ಶಿಶುಶಾಲೆಗಳಿಗೇ ಸಲ್ಲಿಸಿದಳು. ಮತ್ತೆ ಎಂಟು ವರುಷ ಆ ಕಣಿವೆಯಲ್ಲಿಯೇ ಬಾಳಿ, 1837ರಲ್ಲಿ ಕಣ್ಮುಚ್ಚಿದಳು.