ಕೊನೆಯಿಲ್ಲದ ಸಾಲಿನ ಆಚೆಗೆ: ಜಾರ್ಜ್ ಕ್ಯಾಂಟರ್



ದೇವರ ಮಹಿಮೆ ಅನಂತವೆಂದು ನಾವು ನಂಬುತ್ತೇವೆ. ಹಾಗಾದರೆ ಅನಂತವನ್ನೇ ಎಣಿಸಹೊರಟವರು ವಿಶ್ವಾಸಕ್ಕೆ ವಿರುದ್ಧವಾಗಿ ನಡೆದಂತೆಯೇ? ಗಣಿತಜ್ಞ ಜಾರ್ಜ್ ಕ್ಯಾಂಟರ್ ಎದುರಿಸಿದ ಪ್ರಶ್ನೆ ಇದು.

ಅವರು ಹುಟ್ಟಿದ್ದು 1845ರ ಮಾರ್ಚ್ 3ರಂದು, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಾಯಿ ಕಥೋಲಿಕ ಮನೆತನದವರು. ಕ್ಯಾಂಟರ್ ಬೆಳೆದದ್ದು ತಂದೆಯ ಲೂಥರನ್ ಸಭೆಯಲ್ಲಿ. 1869ರಿಂದ ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ಅವರ ಕೊಡುಗೆಯನ್ನು ಪಾಸ್ಕ ಜಾಗರಣೆಯ ಮೇಣದ ಬತ್ತಿಗಳಿಂದ ತಿಳಿಯೋಣ. ವಯನಾಡಿನ ನಮ್ಮ ದೇವಾಲಯಗಳಲ್ಲಿ ಆ ರಾತ್ರಿ ಬೆಳಕು ಮಲಯಾಳಂ ಮಾತಿನವರಿಂದ ಕನ್ನಡದವರಿಗೆ, ಕೈಯಿಂದ ಕೈಗೆ ದಾಟುತ್ತದೆ. ಮೊದಲ ಬತ್ತಿ ಹೊತ್ತಿ, ಪ್ರತಿಯೊಬ್ಬರೂ ಪಕ್ಕದವರಿಗೆ ಬೆಳಕು ಕೊಟ್ಟರೆ ಸಾಲಿನ ಎಲ್ಲ ಬತ್ತಿಗಳೂ ಹೊತ್ತುತ್ತವೆ. ಪ್ಲಸ್ ಒನ್‌ನಲ್ಲಿ ನಾವು ಕಲಿತ ಗಣಿತೀಯ ಅನುಗಮನ ಇದೇ.

ಆದರೆ ಕೊನೆಯಿಲ್ಲದ ಆ ಸಾಲಿನವರೆಲ್ಲರ ನಂತರ ಇನ್ನೊಬ್ಬರು ನಿಂತಿದ್ದರೆ? ಬೆಳಕು ದಾಟಿಸಲು ಅವರಿಗೆ ಪಕ್ಕದವರೇ ಇಲ್ಲ. 1883ರಲ್ಲಿ ಕ್ಯಾಂಟರ್ ಇಂಥ ಸ್ಥಾನಕ್ಕೂ ಸಂಖ್ಯೆ ಕೊಟ್ಟು ಎಣಿಕೆಯನ್ನು ಮುಂದುವರಿಸಿದರು. ಷರತ್ತು ಒಂದೇ: ಸಾಲಿನಿಂದ ಯಾವ ಗುಂಪನ್ನು ಆರಿಸಿದರೂ ಅದರಲ್ಲಿ ಮೊದಲನೆಯವರೊಬ್ಬರು ಇರಬೇಕು. ಇಲ್ಲಿ ಪಕ್ಕದವರೊಬ್ಬರು ಸಾಲದು. ಮುಂಚಿನವರೆಲ್ಲರ ಬತ್ತಿ ಹೊತ್ತಿದ್ದರೆ ಮುಂದಿನವರದೂ ಹೊತ್ತುತ್ತದೆ ಎಂಬುದು ನಿಯಮ. ಕೆಲವರು ಕತ್ತಲಲ್ಲಿ ಉಳಿದರೆನ್ನಿ. ಅವರಲ್ಲಿ ಮೊದಲನೆಯವರನ್ನು ನೋಡೋಣ. ಅವರಿಗಿಂತ ಮುಂಚಿನವರೆಲ್ಲ ಬೆಳಕಿನಲ್ಲಿದ್ದಾರೆ. ಅಂದಮೇಲೆ ಅವರ ಬತ್ತಿಯೂ ಹೊತ್ತಿರಲೇಬೇಕು. ಆದ್ದರಿಂದ ಕತ್ತಲಲ್ಲಿ ಯಾರೂ ಉಳಿಯುವುದಿಲ್ಲ.

ಬರ್ಲಿನ್ನಿನ ಹೆಸರಾಂತ ಗಣಿತಜ್ಞ ಕ್ರೋನೆಕರ್ ಈ ವಿಚಾರಗಳನ್ನು ಕಟುವಾಗಿ ವಿರೋಧಿಸಿದರು. 1884ರಲ್ಲಿ ಕ್ಯಾಂಟರ್ ಅವರಿಗೆ ಖಿನ್ನತೆ ಆವರಿಸಿತು. ಮುಂದೆ ಅದು ಮತ್ತೆ ಮತ್ತೆ ಮರುಕಳಿಸಿತು. ಆದರೂ ಅವರು ವಿಶ್ವಾಸವನ್ನಾಗಲಿ ಗಣಿತವನ್ನಾಗಲಿ ಬಿಡಲಿಲ್ಲ. 1886ರಲ್ಲಿ ಯೇಸುಸಭೆಯ ದೈವಶಾಸ್ತ್ರಜ್ಞ ಕಾರ್ಡಿನಲ್ ಫ್ರಾನ್ಸೆಲಿನ್ ಅವರೊಂದಿಗೆ ಪತ್ರವ್ಯವಹಾರ ನಡೆಸಿದರು. ಸೃಷ್ಟಿಯನ್ನೂ ಸೃಷ್ಟಿಕರ್ತರನ್ನೂ ಒಂದೇ ಎನ್ನುವ ತಪ್ಪಿಗೆ ಇದು ದಾರಿಯಾದೀತೆಂದು ಕಾರ್ಡಿನಲರು ಶಂಕಿಸಿದ್ದರು. ತಾನು ಎಣಿಸುವ ಅನಂತಕ್ಕೆ ಇನ್ನೂ ಸೇರಿಸಬಹುದು, ಅದು ಸೃಷ್ಟಿಯ ಮಾತು; ದೇವರ ಅನಂತತೆಗೆ ಏನನ್ನೂ ಸೇರಿಸಲಾಗದು ಎಂದು ಕ್ಯಾಂಟರ್ ವಿವರಿಸಿದರು. ಹೀಗೆ ಬೇರ್ಪಡಿಸಿ ತಿಳಿದರೆ ವಿಶ್ವಾಸಕ್ಕೆ ಅಪಾಯವಿಲ್ಲವೆಂದು ಕಾರ್ಡಿನಲರು ಒಪ್ಪಿದರು.

1899ರ ಡಿಸೆಂಬರ್‌ನಲ್ಲಿ, 13 ತುಂಬುವ ಮೊದಲೇ, ಕಿರಿಯ ಮಗ ರುಡಾಲ್ಫ್ ತೀರಿಕೊಂಡ. ಕ್ಯಾಂಟರ್ 1918ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಹಾಲೆಯ ಚಿಕಿತ್ಸಾಲಯದಲ್ಲಿ ಕಣ್ಣು ಮುಚ್ಚಿದರು. ಇಂದು ಅವರ ಗಣಿತವನ್ನು ಜಗತ್ತಿನೆಲ್ಲೆಡೆ ಕಲಿಸುತ್ತಾರೆ.

ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳು ವಿಶ್ವಾಸದ ಬಗ್ಗೆ ಕಠಿಣ ಪ್ರಶ್ನೆ ತಂದಾಗ ಅವರನ್ನು ಗದರಿಸದಿರೋಣ. ಆ ಕಾರ್ಡಿನಲರಂತೆ ಸಂಶಯವನ್ನು ನೇರವಾಗಿ ಹೇಳೋಣ, ಉತ್ತರವನ್ನು ಪೂರ್ತಿ ಕೇಳೋಣ.