ದೇಣಿಗೆ ಮರಳಿಸಿ ಗೆದ್ದ ಸೆನೆಟರ್ ಪ್ರಾಕ್ಸ್‌ಮೈರ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ಹುದ್ದೆಗೆ 1952, 1954 ಹಾಗೂ 1956ರಲ್ಲಿ ಸ್ಪರ್ಧಿಸಿ ಮೂರು ಬಾರಿಯೂ ಸೋತಿದ್ದ ಡೆಮಾಕ್ರಟಿಕ್ ಪಕ್ಷದ ವಿಲಿಯಂ ಪ್ರಾಕ್ಸ್‌ಮೈರ್, 1957ರ ಉಪಚುನಾವಣೆಯಲ್ಲಿ ಸೆನೆಟ್ ಪ್ರವೇಶಿಸಿ ಅಚ್ಚರಿ ಮೂಡಿಸಿದರು. ಜೋಸೆಫ್ ಮೆಕಾರ್ಥಿ ಅವರ ನಿಧನದಿಂದ ತೆರವಾಗಿದ್ದ ಸ್ಥಾನವದು.

1915ರಲ್ಲಿ ಇಲಿನಾಯ್ ರಾಜ್ಯದಲ್ಲಿ ವೈದ್ಯರೊಬ್ಬರ ಪುತ್ರನಾಗಿ ಜನಿಸಿದ ಅವರಿಗೆ ಮತದಾರರ ಕೈಕುಲುಕುವುದೇ ಮುಖ್ಯ ಪ್ರಚಾರವಾಗಿತ್ತು. 1976 ಮತ್ತು 1982ರ ಚುನಾವಣೆಗಳಲ್ಲಂತೂ ಅವರು ಯಾರಿಂದಲೂ ದೇಣಿಗೆ ಸ್ವೀಕರಿಸಲಿಲ್ಲ. ಪ್ರತಿ ಬಾರಿಯೂ ಸ್ವಂತ ಜೇಬಿನಿಂದ ಮಾಡಿದ ಖರ್ಚು 200 ಡಾಲರ್‌ಗೂ ಕಡಿಮೆ. ಅದರಲ್ಲೂ ಒಂದು ಪಾಲು, ತಾನಾಗಿಯೇ ಬಂದ ದೇಣಿಗೆಯನ್ನು ಹಿಂದಿರುಗಿಸಲು ತಗುಲಿದ ಅಂಚೆ ವೆಚ್ಚ! 1976ರಲ್ಲಿ ಅವರಿಗೆ ದೊರೆತದ್ದು ಶೇ 72ರಷ್ಟು ಮತ.

ಹೊಸ ಅಭ್ಯರ್ಥಿಗೆ ಇದು ದುಸ್ಸಾಧ್ಯವೆಂಬುದೂ ಅಷ್ಟೇ ನಿಜ. ಸರ್ಕಾರಿ ದುಂದುವೆಚ್ಚವನ್ನು ಅಣಕಿಸಲು 1975ರಿಂದ ಪ್ರತಿ ತಿಂಗಳು ಪ್ರಕಟಿಸುತ್ತಿದ್ದ ‘ಗೋಲ್ಡನ್ ಫ್ಲೀಸ್’ ಪ್ರಶಸ್ತಿಯಿಂದ ಅವರ ಹೆಸರು ಬಿಡಿಗಾಸಿನ ಖರ್ಚಿಲ್ಲದೆ ಪತ್ರಿಕೆಗಳಲ್ಲಿ ರಾರಾಜಿಸುತ್ತಿತ್ತು. ಹೀಗೆ ಗುರಿಯಾದ ವಿಜ್ಞಾನಿಯೊಬ್ಬರು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ 1979ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಪ್ರಾಕ್ಸ್‌ಮೈರ್ ಅವರ ವಿರುದ್ಧ ಬಂದಿತು.

1988ರಲ್ಲಿ ಅವರು ಮತ್ತೆ ಸ್ಪರ್ಧಿಸಲಿಲ್ಲ. ಅದೇ ಸ್ಥಾನಕ್ಕೆ ಅದೇ ಪಕ್ಷದಿಂದ ನಿಂತ ಮಳಿಗೆ ಉದ್ಯಮಿ ಹರ್ಬ್ ಕೋಲ್, ತಮ್ಮದೇ ಲಕ್ಷಾಂತರ ಡಾಲರ್ ಸುರಿದು ಗೆದ್ದರು. ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದ ಪ್ರಾಕ್ಸ್‌ಮೈರ್ 2005ರ ಡಿಸೆಂಬರ್‌ನಲ್ಲಿ, 90ನೇ ವಯಸ್ಸಿನಲ್ಲಿ ನಿಧನರಾದರು.