ಆರ್ಕಿಮಿಡೀಸನ ಕವಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯನ್ನು ಶಾಸನಗಳು ಕೋಗಳಿ ನಾಡೆಂದು ಕರೆದಿವೆ. ಈ ನಾಡಿನ ಹೊಲಗಳಲ್ಲಿ ಜೋಳವು ಹಾಲುದುಂಬುವ ದಿನಗಳಲ್ಲಿ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುತ್ತಿದ್ದ ಹುಡುಗನಿಗೆ ಗತಿಶಾಸ್ತ್ರದ ಒಂದು ಸೂತ್ರವೂ ತಿಳಿದಿರಲಿಲ್ಲ. ಆದರೂ ಹಗ್ಗದ ಒಂದು ತುದಿಯನ್ನು ಯಾವ ಗಳಿಗೆಯಲ್ಲಿ ಸಡಿಲಬಿಟ್ಟರೆ ಕಲ್ಲು ಹಕ್ಕಿಯ ಹಿಂಡಿನತ್ತ ಹಾರುವುದೆಂಬುದನ್ನು ಅವನ ತೋಳು ಚೆನ್ನಾಗಿ ಬಲ್ಲುದಾಗಿತ್ತು. ತೋಳು ಬಲ್ಲುದನ್ನು ಬುದ್ಧಿಗೆ ಒಪ್ಪಿಸಿ, ಬುದ್ಧಿ ಕಂಡುದನ್ನು ಮತ್ತೆ ತೋಳಿಗೆ ತಂದುಕೊಟ್ಟವರು ಲೋಕದಲ್ಲಿ ವಿರಳ. ಅವರಲ್ಲಿ ಮೊದಲಿಗನೆಂದು ಎಣಿಸತಕ್ಕವನು ಸಿರಕ್ಯೂಸಿನ ಆರ್ಕಿಮಿಡೀಸ್.

ಸಿಸಿಲಿ ದ್ವೀಪದ ಪೂರ್ವ ತೀರದಲ್ಲಿ ಗ್ರೀಕರು ಕಟ್ಟಿದ ಸಿರಕ್ಯೂಸ್ ನಗರದಲ್ಲಿ ಸುಮಾರು ಕ್ರಿ. ಪೂ. 287ರಲ್ಲಿ ಅವನು ಹುಟ್ಟಿದನು. ತಂದೆ ಫಿಡಿಯಾಸ್ ಖಗೋಲಶಾಸ್ತ್ರಜ್ಞ. ಇದಕ್ಕಿಂತ ಹೆಚ್ಚಾಗಿ ಅವನ ಬಾಲ್ಯದ ಸಂಗತಿಯನ್ನು ಹೇಳುವವರಿಲ್ಲ. ಆದರೆ ಅವನು ಹುಟ್ಟಿದ ಊರಿನ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಅವನು ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಹಿಂದೆ, ಕ್ರಿ. ಪೂ. 399ರಲ್ಲಿ, ಕಾರ್ಥೇಜಿನ ಮೇಲೆ ಯುದ್ಧ ಹೂಡಲು ಸಿದ್ಧನಾಗುತ್ತಿದ್ದ ಅಲ್ಲಿಯ ಒಡೆಯ ಡಯನೀಸಿಯಸ್ ನಾನಾ ದೇಶಗಳಿಂದ ಕುಶಲ ಕರ್ಮಿಗಳನ್ನು ಹೆಚ್ಚಿನ ಕೂಲಿಯ ಆಸೆ ತೋರಿಸಿ ಕರೆಸಿಕೊಂಡನು. ಆ ಕಮ್ಮಟಗಳಲ್ಲಿಯೇ ಕವಣೆಯಂತ್ರ ಹುಟ್ಟಿತೆಂದು ಡಯೊಡೊರಸ್ ಎಂಬ ಇತಿಹಾಸಕಾರ ಬರೆದಿದ್ದಾನೆ. ನಮ್ಮ ಹಳೆಯ ಕಾವ್ಯಗಳನ್ನು ಓದಿದವರಿಗೆ ಡೆಂಕಣಿ ಎಂಬ ಮಾತು ಅಪರಿಚಿತವಲ್ಲ. ಕೋಟೆಯ ಕಾಳಗದಲ್ಲಿ ಕಲ್ಲೆಸೆಯುವ ಯಂತ್ರಕ್ಕೆ ಆ ಹೆಸರು. ಅದರ ಗ್ರೀಕ್ ಬಂಧುವಿನ ತವರುಮನೆ ಆರ್ಕಿಮಿಡೀಸನ ತವರೂರೇ ಆಗಿದ್ದಿತು.

ತರುಣನಾಗಿದ್ದಾಗ ಅವನು ಅಲೆಗ್ಸಾಂಡ್ರಿಯದಲ್ಲಿ ವ್ಯಾಸಂಗ ಮಾಡಿದನೆಂದು ಬಹುಜನರ ಅಭಿಪ್ರಾಯ. ಅಲ್ಲಿಯ ಕೋನನ್, ಎರಟಾಸ್ಥನೀಸ್ ಮೊದಲಾದ ಪಂಡಿತರೊಡನೆ ಅವನಿಗಿದ್ದ ಸ್ನೇಹಕ್ಕೆ ಅವನ ಗ್ರಂಥಗಳೇ ಸಾಕ್ಷಿ. ಅಲೆಗ್ಸಾಂಡ್ರಿಯದ ಯಂತ್ರಶಿಲ್ಪಿಗಳು ಆಗ ಒಂದು ವಿಚಿತ್ರವಾದ ಕೆಲಸದಲ್ಲಿ ತೊಡಗಿದ್ದರು. ಕವಣೆಯಂತ್ರದ ಬಲವೆಲ್ಲ ಇರುವುದು ಪ್ರಾಣಿಗಳ ನರ ಅಥವಾ ಕೂದಲಿನಿಂದ ಹೊಸೆದ ಹುರಿಗಂಟಿನಲ್ಲಿ. ಗಂಟಿನ ನಡುವೆ ತೋಳನ್ನು ಸಿಕ್ಕಿಸಿ, ಹಿಂದಕ್ಕೆ ಜಗ್ಗಿ ಬಿಟ್ಟರೆ, ತಿರುಚಿಕೊಂಡ ಹುರಿಯು ತನ್ನ ಮೊದಲಿನ ಸ್ಥಿತಿಗೆ ಮರಳುವ ಆತುರದಲ್ಲಿ ಕಲ್ಲನ್ನು ಚಿಮ್ಮುತ್ತದೆ. ಇಂತಿಷ್ಟು ತೂಕದ ಕಲ್ಲಿಗೆ ಎಷ್ಟು ದಪ್ಪನೆಯ ಗಂಟು ಬೇಕು? ಕಟ್ಟಿ, ಎಸೆದು, ಅಳೆದು, ಮತ್ತೆ ಕಟ್ಟಿ, ಅವರು ಒಂದು ನಿಯಮವನ್ನು ಕಂಡರು: ಗಂಟಿನ ವ್ಯಾಸವು ಕಲ್ಲಿನ ತೂಕದ ಘನಮೂಲವನ್ನು ಅನುಸರಿಸುತ್ತದೆ. ಕಲ್ಲು ಎಂಟು ಮಡಿಯಾದರೆ ವ್ಯಾಸ ಎರಡು ಮಡಿಯಾದರೆ ಸಾಕು. ಯಂತ್ರದ ಉಳಿದ ಅಂಗಗಳ ಅಳತೆಯೆಲ್ಲ ಆ ವ್ಯಾಸದಿಂದಲೇ ಹೊರಡುತ್ತಿತ್ತು. ಘನವನ್ನು ಇಮ್ಮಡಿಸುವ ಹಳೆಯ ರೇಖಾಗಣಿತದ ಸಮಸ್ಯೆ ಕವಣೆ ಕಟ್ಟುವವರಿಗೂ ಬೇಕಾದುದೆಂದು ಎರಟಾಸ್ಥನೀಸನೇ ಹೇಳಿದ್ದಾನೆ. ಬಡಗಿಯ ಉಳಿಯೂ ಪಂಡಿತನ ಲೇಖನಿಯೂ ಒಂದೇ ಹಲಗೆಯ ಮೇಲೆ ಕೂಡಿದ ಕಾಲವದು.

ಊರಿಗೆ ಮರಳಿದ ಆರ್ಕಿಮಿಡೀಸನಿಗೆ ಹೈರೋ ದೊರೆಯ ಆಶ್ರಯ ದೊರೆಯಿತು. ದೊರೆಗೆ ಅವನು ಬಂಧುವೂ ಆಗಿದ್ದನೆಂದು ಪ್ಲೂಟಾರ್ಕ್ ಹೇಳುತ್ತಾನೆ. ಚಿನ್ನದ ಕಿರೀಟದ ಕಥೆ, ಸ್ನಾನದ ತೊಟ್ಟಿಯಿಂದೆದ್ದು ಬತ್ತಲೆಯಾಗಿ ಬೀದಿಯಲ್ಲಿ ಓಡಿದ ಕಥೆ ಎಲ್ಲರಿಗೂ ಗೊತ್ತು. ಅವನು ಸತ್ತು ಸುಮಾರು ಎರಡು ಶತಮಾನಗಳು ಕಳೆದ ಮೇಲೆ ವಿಟ್ರೂವಿಯಸ್ ಬರೆದ ಈ ಕಥೆಯನ್ನು ಕಥೆಯೆಂದೇ ಸವಿಯುವುದು ಲೇಸು. ಸನ್ನೆಗೋಲಿನ ವಿಷಯವಾದರೋ ಹಾಗಲ್ಲ. ಅದು ಅವನ ಕೈಬರಹದಿಂದಲೇ ಬಂದುದು. ಭಾರಗಳು ಆಧಾರಬಿಂದುವಿನಿಂದ ತಮ್ಮ ತೂಕಕ್ಕೆ ವಿಲೋಮವಾದ ದೂರಗಳಲ್ಲಿದ್ದರೆ ಸಮತೂಗುತ್ತವೆಂಬುದನ್ನು ಅವನು ಕೆಲವೇ ಸ್ವೀಕೃತ ತತ್ತ್ವಗಳಿಂದ ಸಾಧಿಸಿ ತೋರಿಸಿದನು. ನಮ್ಮ ಬಾವಿಗಳ ಮೇಲೆ ಏತ ತುಳಿದವರು ಇದನ್ನು ಕಾಲಿನಿಂದ ಅರಿತಿದ್ದರು.

ಹೈರೋ ಕಟ್ಟಿಸಿದ ಒಂದು ಬೃಹತ್ ನೌಕೆಯ ವರ್ಣನೆ ಅಥೀನಿಯಸನ ಗ್ರಂಥದಲ್ಲಿದೆ. ಅದರ ಮೇಲೆ ಆರ್ಕಿಮಿಡೀಸ್ ನಿಲ್ಲಿಸಿದ್ದ ಕವಣೆಯಂತ್ರವು 3 ಟ್ಯಾಲೆಂಟ್, ಎಂದರೆ ಸುಮಾರು 78 ಕಿಲೋಗ್ರಾಂ ತೂಕದ ಕಲ್ಲನ್ನು ಸುಮಾರು 180 ಮೀಟರ್ ದೂರಕ್ಕೆ ಎಸೆಯುತ್ತಿತ್ತಂತೆ. ಆ ಹಡಗನ್ನು ಆಮೇಲೆ ಈಜಿಪ್ಟಿನ ದೊರೆಗೆ ಕಾಣಿಕೆಯಾಗಿ ಕಳುಹಿಸಿಬಿಟ್ಟರು.

ಇಲ್ಲಿ ಕನ್ನಡದ ಅಧ್ಯಾಪಕನೊಬ್ಬನು ತನ್ನ ಎಲ್ಲೆಯನ್ನು ಮೀರಿ ಒಂದು ಮಾತು ಹೇಳುವುದನ್ನು ವಿಜ್ಞಾನದ ಅಧ್ಯಾಪಕರು ಮನ್ನಿಸಬೇಕು. ಈ ಹುರಿಯ ಯಂತ್ರವನ್ನು ನಮ್ಮ ಹಳ್ಳಿಯ ಶಾಲೆಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲರು. ಮರದ ಚೌಕಟ್ಟಿನ ಎರಡು ಪಕ್ಕಗಳ ನಡುವೆ ನೂಲಿನ ಹುರಿಯನ್ನು ಹಲವು ಸುತ್ತು ಬಿಗಿದು, ನಡುವೆ ಬಿದಿರಿನ ಕಡ್ಡಿಯೊಂದನ್ನು ಸಿಕ್ಕಿಸಿ, ಹುರಿಯ ಎರಡು ಕೊನೆಗಳನ್ನೂ ತಿರುಚಿ ಗೂಟ ಹಾಕಿದರಾಯಿತು. ಕಡ್ಡಿಯ ತುದಿಗೆ ಒಂದು ಚಿಪ್ಪು, ಎದುರಿಗೆ ಅದನ್ನು ತಡೆಯುವ ಅಡ್ಡಪಟ್ಟಿ. ಕಲ್ಲು ಬೇಡ, ಬಟ್ಟೆಯ ಉಂಡೆ ಸಾಕು. ಎದುರಿಗೆ ಯಾರೂ ನಿಲ್ಲಬಾರದು. ಹುರಿಯನ್ನು ನಾಲ್ಕು ಸುತ್ತು ತಿರುಚಿದಾಗ ಎಷ್ಟು ಹೆಜ್ಜೆ, ಆರು ಸುತ್ತಿಗೆ ಎಷ್ಟು. ಅಡ್ಡಪಟ್ಟಿಯನ್ನು ಹಿಂದೆ ಮುಂದೆ ಸರಿಸಿ ಉಂಡೆ ಹೊರಡುವ ಓರೆಯನ್ನು ಬದಲಿಸಿದರೆ ಏನಾಗುವುದು ಎಂದು ಮಕ್ಕಳೇ ಅಳೆದು ಬರೆಯಲಿ. ತೀರ ಮೇಲಕ್ಕೆ ಎಸೆದರೂ ತೀರ ಕೆಳಕ್ಕೆ ಎಸೆದರೂ ಉಂಡೆ ಹತ್ತಿರವೇ ಬೀಳುವುದೆಂದೂ ಸುಮಾರು 45 ಅಂಶದ ಓರೆಯಲ್ಲಿ ಅತ್ಯಂತ ದೂರ ಹೋಗುವುದೆಂದೂ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ಸಲ ಕಡ್ಡಿ ಮುರಿದರೆ ಮುರಿಯಲಿ. ಅಲೆಗ್ಸಾಂಡ್ರಿಯದವರೂ ಬೇಕಾದಷ್ಟು ಮುರಿದಿರಬೇಕು.

ಹೈರೋ ಕ್ರಿ. ಪೂ. 215ರಲ್ಲಿ ತೀರಿಕೊಂಡನು. ಪಟ್ಟವೇರಿದ ಹದಿಹರೆಯದ ಮೊಮ್ಮಗ ರೋಮಿನ ಸ್ನೇಹವನ್ನು ಬಿಟ್ಟು ಕಾರ್ಥೇಜಿನ ಕಡೆ ವಾಲಿ ಮರುವರ್ಷವೇ ಕೊಲೆಯಾದನು. ರೋಮಿನ ಸೇನಾಪತಿ ಮಾರ್ಸೆಲಸ್ 60 ಯುದ್ಧನೌಕೆಗಳೊಡನೆ ಕಡಲಿನಿಂದಲೂ, ಅಪ್ಪಿಯಸ್ ನೆಲದಿಂದಲೂ ಸಿರಕ್ಯೂಸನ್ನು ಮುತ್ತಿದರು. ಕೆಲವೇ ದಿನಗಳ ಕೆಲಸವೆಂದು ಅವರೆಣಿಸಿದ್ದರು. ಒಬ್ಬ ಮುದುಕನನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆರ್ಕಿಮಿಡೀಸ್ ದೂರಕ್ಕೊಂದು ಹತ್ತಿರಕ್ಕೊಂದು ಎಂದು ಅಳತೆಯಿಟ್ಟು ಯಂತ್ರಗಳನ್ನು ಮೊದಲೇ ಅಣಿಮಾಡಿಸಿದ್ದನು. ದೂರದ ಹಡಗುಗಳ ಮೇಲೆ ದೊಡ್ಡ ಕವಣೆಗಳ ಕಲ್ಲು ಬಿದ್ದುವು. ಅವು ತಲೆಯ ಮೇಲೆ ಹಾದುಹೋಗುವಷ್ಟು ಹತ್ತಿರ ಬಂದರೆ ಚಿಕ್ಕ ಯಂತ್ರಗಳು ಕಾದಿದ್ದುವು. ಗೋಡೆಯಡಿಗೇ ಬಂದವರಿಗೆ ಗೋಡೆಯ ಕಿಂಡಿಗಳಿಂದ ಬಾಣಗಳು ಎದುರಾದುವು. ಎಂಟು ಹಡಗುಗಳನ್ನು ಜೋಡಿಸಿ ಮಾರ್ಸೆಲಸ್ ತಂದ ಏಣಿಯಂತ್ರವನ್ನು ಕಲ್ಲುಗಳು ಪುಡಿಮಾಡಿದುವು. ಕಬ್ಬಿಣದ ಕೈಯೊಂದು ಗೋಡೆಯಾಚೆಯಿಂದ ಇಳಿದು ಹಡಗಿನ ಮೂತಿಯನ್ನು ಹಿಡಿದೆತ್ತಿ ಬಿಡುತ್ತಿತ್ತು. ಕಡೆಕಡೆಗೆ ಗೋಡೆಯ ಮೇಲೊಂದು ಹಗ್ಗದ ತುಂಡು ಕಂಡರೂ ರೋಮನ್ ಸೈನಿಕರು ಓಡುತ್ತಿದ್ದರೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಕನ್ನಡಿಗಳಿಂದ ಹಡಗುಗಳನ್ನು ಸುಟ್ಟನೆಂಬ ಮಾತು ಪಾಲಿಬಿಯಸನಲ್ಲಿಯೂ ಇಲ್ಲ, ಲಿವಿಯಲ್ಲಿಯೂ ಇಲ್ಲ, ಅದನ್ನು ಬಿಟ್ಟುಬಿಡಬಹುದು.

ನೇರವಾಗಿ ಗೆಲ್ಲಲಾರದೆ ಮಾರ್ಸೆಲಸ್ ನಗರವನ್ನು ಸುತ್ತುಗಟ್ಟಿ ಕಾದನು. ಕ್ರಿ. ಪೂ. 212ರಲ್ಲಿ ಆರ್ಟೆಮಿಸ್ ದೇವಿಯ ಹಬ್ಬದ ರಾತ್ರಿ, ಕಾವಲುಗಾರರು ಕುಡಿದು ಮಲಗಿದ್ದಾಗ, ರೋಮನರು ಏಣಿಯಿಟ್ಟು ಗೋಡೆ ಹತ್ತಿದರು. ಒಳಕೋಟೆ ಬಿದ್ದುದು ದ್ರೋಹದಿಂದ. ಯಂತ್ರಗಳು ಸೋಲಲಿಲ್ಲ, ಅವನ್ನು ಕಾಯಬೇಕಾದ ಮನುಷ್ಯರು ಸೋತರು. ಕೊಳ್ಳೆಯ ಗಲಭೆಯಲ್ಲಿ, ರೇಖಾಚಿತ್ರವೊಂದರಲ್ಲಿ ಮನಸ್ಸಿಟ್ಟು ಕುಳಿತಿದ್ದ ಮುದುಕನನ್ನು ಯಾರೋ ಸೈನಿಕನೊಬ್ಬ ಇರಿದು ಕೊಂದನು. ಅವನಿಗಾಗ 75 ವರ್ಷವೆಂದು ಹೇಳುತ್ತಾರೆ. ಮಾರ್ಸೆಲಸ್ ವ್ಯಥೆಪಟ್ಟು ಅವನ ಬಂಧುಗಳನ್ನು ಆದರಿಸಿದನು. ಸಮಾಧಿಯ ಮೇಲೆ ಒಂದು ಗೋಲವನ್ನೂ ಅದನ್ನು ಆವರಿಸಿದ ಸಿಲಿಂಡರನ್ನೂ ಕೆತ್ತಿದ್ದರು; ಅವುಗಳ ಗಾತ್ರ 2ಕ್ಕೆ 3ರಂತೆ ಎಂಬ ತನ್ನ ಸಿದ್ಧಾಂತವೇ ಅವನಿಗೆ ಅತ್ಯಂತ ಪ್ರಿಯವಾಗಿದ್ದಿತು. ಕ್ರಿ. ಪೂ. 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದ ಸಿಸಿರೊ ಮುಳ್ಳುಪೊದೆಗಳ ನಡುವೆ ಆ ಸಮಾಧಿಯನ್ನು ಹುಡುಕಿ ತೆಗೆದನು. ಊರವರು ಅದನ್ನು ಮರೆತಿದ್ದರು.

ಯಂತ್ರನಿರ್ಮಾಣವನ್ನು ಆರ್ಕಿಮಿಡೀಸ್ ಕೀಳಾದ ಕಸಬೆಂದು ತಿಳಿದಿದ್ದನೆಂದೂ ಆದಕಾರಣ ಅದನ್ನು ಕುರಿತು ಗ್ರಂಥ ಬರೆಯಲಿಲ್ಲವೆಂದೂ ಪ್ಲೂಟಾರ್ಕನ ಮತ. ಇದನ್ನು ಒಪ್ಪುವುದು ಕಷ್ಟ. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲಿನಲ್ಲಿ ಒಂದು ಪ್ರಾರ್ಥನಾಪುಸ್ತಕವನ್ನು ಪರೀಕ್ಷಿಸಿದನು. ಹತ್ತನೆಯ ಶತಮಾನದ ಚರ್ಮದ ಹಾಳೆಗಳ ಬರಹವನ್ನು ಕೆರೆದು ಹದಿಮೂರನೆಯ ಶತಮಾನದಲ್ಲಿ ಅದರ ಮೇಲೆ ಪ್ರಾರ್ಥನೆಗಳನ್ನು ಬರೆದಿದ್ದರು. ಅಡಿಯಲ್ಲಿದ್ದುದು ಆರ್ಕಿಮಿಡೀಸ್ ಎರಟಾಸ್ಥನೀಸನಿಗೆ ಬರೆದು ಕಳುಹಿಸಿದ ಗ್ರಂಥ. ಗೋಲವನ್ನು ತೆಳುವಾದ ಬಿಲ್ಲೆಗಳನ್ನಾಗಿ ಸೀಳಿ, ಕಲ್ಪನೆಯ ತಕ್ಕಡಿಯಲ್ಲಿ ಶಂಕು, ಸಿಲಿಂಡರುಗಳ ಬಿಲ್ಲೆಗಳೊಡನೆ ತೂಗಿ, ಫಲವನ್ನು ಮೊದಲು ಕಂಡುಕೊಂಡು, ರೇಖಾಗಣಿತದ ಸಾಧನೆಯನ್ನು ಆಮೇಲೆ ಕೊಡುತ್ತಿದ್ದೆನೆಂದು ಅವನು ಅಲ್ಲಿ ತನ್ನ ಗೆಳೆಯನಿಗೆ ಮನಬಿಚ್ಚಿ ತಿಳಿಸಿದ್ದಾನೆ. ಸಮಾಧಿಯ ಮೇಲಿನ ಆ ಗೋಲವೂ ಮೊದಲು ತಕ್ಕಡಿಯಲ್ಲಿಯೇ ತೂಗಿದುದು. ಆ ಪುಸ್ತಕ ಮತ್ತೆ ಕಣ್ಮರೆಯಾಗಿ 1998ರಲ್ಲಿ ನ್ಯೂಯಾರ್ಕಿನಲ್ಲಿ 20 ಲಕ್ಷ ಡಾಲರಿಗೆ ಹರಾಜಾಯಿತು. ಮುಂದಿನ ವರ್ಷಗಳಲ್ಲಿ ಅಮೆರಿಕದ ವಿಜ್ಞಾನಿಗಳು ಅದರ ಹಾಳೆಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿದರು. ಹಳೆಯ ಮಸಿಯಲ್ಲಿದ್ದ ಕಬ್ಬಿಣದ ಅಂಶ ಹೊಳೆದು, ಪ್ರಾರ್ಥನೆಯ ಸಾಲುಗಳ ಕೆಳಗಿನಿಂದ ಅವನ ಅಕ್ಷರಗಳು ಒಂದೊಂದಾಗಿ ಮೇಲೆದ್ದುವು.